ಎಂಟನೆಯ ತರಗತಿಗಾಗಿ ಊರು ಬಿಡುವುದು

ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳ ಬಾಡಿಗೆ ಮನೆಗಳಲ್ಲಿ, ಹೊಲ ಹಳ್ಳಿಯಲ್ಲಿದ್ದರೂ ಮಕ್ಕಳ ಓದಿಗೆಂದೇ ಬಂದು ನೆಲೆಸಿದ ಕುಟುಂಬಗಳಿವೆ. ‘ಸಾಲಿಗಾಗಿ ಮನೆ ಮಾಡುವ’ ಈ ರೂಢಿಯಲ್ಲಿ ತಂದೆ ಊರಲ್ಲೇ ಉಳಿದು ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನೂ ಹತ್ತಿ, ಭತ್ತದ ಬೆಳೆಯನ್ನೂ ನೋಡಿಕೊಂಡರೆ, ತಾಯಿ ಇಲ್ಲವೇ ಅಜ್ಜಿ ಮಕ್ಕಳೊಂದಿಗೆ ಪಟ್ಟಣ ಸೇರುತ್ತಾಳೆ. ಇದೇ ಜಿಲ್ಲೆಯಿಂದ ಕೂಲಿ ಅರಸಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಶಾಲೆಯೇ ತಪ್ಪಿಹೋಗುವುದನ್ನು ನೆನೆದರೆ, ಶಾಲೆಗಾಗಿ ಮನೆಯನ್ನೇ ಎರಡಾಗಿಸಿಕೊಳ್ಳುವವರ ಅಕ್ಕರೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಸಂಶಯವಿರುವುದು ಆ ನಿರ್ಧಾರದ ಹೊತ್ತಿನ ಬಗ್ಗೆ.

ಪಾಲಕರ ಆತಂಕಕ್ಕೆ ಆಧಾರವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. 51.83ರಷ್ಟಿತ್ತು, 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಜಿಲ್ಲೆ ಶೇ. 50.59 ಫಲಿತಾಂಶ ಪಡೆದು ರಾಜ್ಯದಲ್ಲೇ ಕಡೆಯ ಸ್ಥಾನದಲ್ಲಿ ನಿಂತಿತು. ಆದರೆ ಈ ಅಂಕಿಗಳಲ್ಲಿ ಹಳ್ಳಿಗಳಷ್ಟೇ ಅಲ್ಲ, ಮೂರೂ ಪಟ್ಟಣಗಳೂ ಸೇರಿವೆಯಾದ್ದರಿಂದ, ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಂದ ಮಾತ್ರಕ್ಕೆ ಮಗು ಅವುಗಳಿಂದ ಪಾರಾಯಿತೆಂದು ತಿಳಿಯಲಾಗದು. ಗಣಿತ, ವಿಜ್ಞಾನ, ಇಂಗ್ಲಿಷಿಗೆ ವರ್ಷವಿಡೀ ಶಿಕ್ಷಕರಿರುವರೇ ಎಂಬುದನ್ನು ಶಾಲೆಶಾಲೆಗೂ ಹೋಗಿ ಕೇಳಬೇಕಾಗುತ್ತದೆ.

ಪ್ರೌಢಶಾಲೆ ಎಂಟರಿಂದ ಮೊದಲಾಗುವುದರಿಂದ, ಊರಿನ ಶಾಲೆ ಏಳಕ್ಕೇ ಮುಗಿಯುವಲ್ಲಿ ಮನೆ ಬದಲಿಸುವ ಮಾತು ಆ ಬೇಸಿಗೆಯಲ್ಲೇ ಏಳುತ್ತದೆ. ಲೆಕ್ಕ ತಪ್ಪುವುದು ಇಲ್ಲಿ. ಸಿಇಟಿ ಮೂಲಕ ಸಿಗುವ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ. 15 ಗ್ರಾಮೀಣ ಅಭ್ಯರ್ಥಿಗಳಿಗೂ ಶೇ. 5 ಕನ್ನಡ ಮಾಧ್ಯಮದವರಿಗೂ ಮೀಸಲಾಗಿದ್ದು, ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಮೀಸಲು ಶೇ. 25ರಷ್ಟಿದೆ. ಇಲ್ಲಿ ‘ಗ್ರಾಮೀಣ’ ಎಂದರೆ ಹಳ್ಳಿಯಲ್ಲಿ ಹುಟ್ಟಿದವರೆಂದಲ್ಲ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರೆಂದು ಅರ್ಥ. ಏಳು ವರ್ಷ ಹಳ್ಳಿಯಲ್ಲಿ ಕಲಿತ ಮಗು ಎಂಟಕ್ಕೆ ನಗರಸಭೆಯ ಗಡಿಯೊಳಗಿನ ಶಾಲೆಗೆ ಸೇರಿದರೆ ಗ್ರಾಮೀಣ ಹಕ್ಕನ್ನೂ, ಜೊತೆಗೆ ಮಾಧ್ಯಮವೂ ಬದಲಾದರೆ ಕನ್ನಡ ಮಾಧ್ಯಮದ ಹಕ್ಕನ್ನೂ ಕಳೆದುಕೊಳ್ಳುತ್ತದೆ. ಇದನ್ನು 371 (ಜೆ) ವಿಧಿಯೊಡನೆ ಬೆರೆಸಬಾರದು: ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಆ ಸೌಲಭ್ಯಕ್ಕೆ ಮುಖ್ಯವಾಗಿ ಹುಟ್ಟು ಇಲ್ಲವೇ ಕುಟುಂಬದ ದೀರ್ಘ ವಾಸ ಆಧಾರವಾಗಿರುವುದರಿಂದ, ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದ ಮಗು ವಿಜಯಪುರದಲ್ಲಿ ಓದಿದರೂ ಅದು ಉಳಿಯುತ್ತದೆ.

ಊರು ಬಿಡದೆ ಒಳ್ಳೆಯ ಶಾಲೆ ದೊರಕಿಸುವ ಬಾಗಿಲುಗಳು ಎರಡು ವರ್ಷ ಮೊದಲೇ ತೆರೆಯುತ್ತವೆ. ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿಯೂ, ವಸತಿಯಿಲ್ಲದ ಆಂಗ್ಲ ಮಾಧ್ಯಮದ ಆದರ್ಶ ವಿದ್ಯಾಲಯಗಳಲ್ಲಿಯೂ ಪ್ರವೇಶ ಆರನೆಯ ತರಗತಿಗೆ. ಪರೀಕ್ಷೆಗೆ ಮಗು ಐದರಲ್ಲೇ ಸಿದ್ಧವಾಗಬೇಕು. ಅದು ಕೈತಪ್ಪಿದರೂ, ಹತ್ತಿರದ ಹೋಬಳಿ ಊರಿನ ಪ್ರೌಢಶಾಲೆಯಲ್ಲಿ ಹತ್ತನ್ನು ಮುಗಿಸಿ ಪಿಯುಸಿಗೆ ಪಟ್ಟಣದಲ್ಲಿ ಮನೆ ಮಾಡಿದರೆ, ಅದೇ ಬಾಡಿಗೆಯ ಹಣ ಹೆಚ್ಚು ಫಲ ಕೊಡುತ್ತದೆ. ಹದಿಮೂರರ ಮಗು ಒಂದೇ ಜೂನಿನಲ್ಲಿ ಮನೆ, ಮಾಧ್ಯಮ, ಗೆಳೆಯರು ಮೂರನ್ನೂ ಬದಲಿಸಿ ಮೂರನೆಯ ವರ್ಷಕ್ಕೆ ಬೋರ್ಡ್ ಪರೀಕ್ಷೆ ಎದುರಿಸುವ ಕಷ್ಟವನ್ನು ಹಿರಿಯರು ಸಾಕಷ್ಟು ಎಣಿಸುವುದಿಲ್ಲ.

ಈ ವಾದ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಹಂತದಲ್ಲಿ ನಿಲ್ಲುತ್ತದೆ, ನಿಲ್ಲಲೂಬೇಕು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಅವರ ಟಿಕೆಟ್ಟಿನ ಖರ್ಚನ್ನು ತೆಗೆದುಹಾಕಿತಾದರೂ, ಸಂಜೆ ಶಾಲೆ ಬಿಡುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲದಿದ್ದರೆ ಆ ಸೌಲಭ್ಯ ಕಾಗದದಲ್ಲೇ ಉಳಿಯುತ್ತದೆ; ಹಾಗೆ ಏಳಕ್ಕೆ ಓದು ನಿಂತ ಹುಡುಗಿಯ ಮುಂದೆ ಹತ್ತಿ ಬಿಡಿಸುವ ಕೂಲಿ ಮತ್ತು ಬೇಗನೆ ಮದುವೆ, ಇವೆರಡೇ ಕಾದಿರುತ್ತವೆ. ಅಂಥ ಊರಿನ ಕುಟುಂಬ ಮಗಳ ಎಂಟನೆಯ ತರಗತಿಗಾಗಿ ಶಹಾಪುರದಲ್ಲಿ ಒಂದು ಕೋಣೆ ಹಿಡಿದರೆ, ಮೀಸಲಾತಿಯ ನಷ್ಟವನ್ನು ಅದರೆದುರು ತೂಗುವಂತಿಲ್ಲ.