ಗಾನತಟ್ಟೆಯ ವಜ್ರಮೊನೆ

ಕುಬಟೂರಿನ ಕೈಟಭೇಶ್ವರಾಲಯದಲ್ಲಿ ತಿರುಗಣೆಗೊಡ್ಡಿ ಕಡೆದ ಕಂಬಗಳ ನುಣುಪನ್ನು ಕಂಡವರಿಗೆ, ನಿಮಿಷಕ್ಕೆ 33⅓ ಸುತ್ತು ತಿರುಗುವ ಗಾನತಟ್ಟೆಯ ಮೇಲೂ ಸಹಜವಾದ ಅಕ್ಕರೆ ಹುಟ್ಟುವುದು. ಪರರು ಬಳಸಿ ಬಿಟ್ಟ ರೆಕಾರ್ಡ್ ಪ್ಲೇಯರಿನಲ್ಲಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಷಡ್ಜವು ಒಡೆದು ಕೇಳಿಸಿತೆಂದು ಯಂತ್ರವನ್ನೇ ಹಳಿಯುವುದು ಅನ್ಯಾಯ. ದೋಷವು ಬಹುಮಟ್ಟಿಗೆ ಸವೆದ ವಜ್ರಮೊನೆಯಲ್ಲಿಯೋ, ಅದಕ್ಕಂಟಿದ ಧೂಳಿನೆಳೆಯಲ್ಲಿಯೋ ಅಡಗಿರುತ್ತದೆ. ಮೊನೆಯನ್ನು ಮೃದುಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರವೇ ಸವರಿ, ಅದನ್ನು ಹೊತ್ತ ತೋಳಿನ ಹಿಂಬದಿಯ ತೂಕವನ್ನು ತಿರುಗಿಸುತ್ತ, ಆ ತೋಳು ಏರದೆ ಇಳಿಯದೆ ಗಾಳಿಯಲ್ಲಿ ಸಮವಾಗಿ ನಿಂತ ತರುವಾಯ, ಮೊನೆ ಕೂರಿಸಿದ ಕಾರ್ಟ್ರಿಜ್ಜಿಗೆ ವಿಧಿಸಿದಷ್ಟು, ಸಾಮಾನ್ಯವಾಗಿ 2 ಗ್ರಾಮಿನ ಆಸುಪಾಸಿನ, ಭಾರವನ್ನು ಕೊಡತಕ್ಕದ್ದು. ಭಾರ ಕಡಿಮೆಯಾದರೆ ಲೇಸೆಂಬ ನಂಬಿಕೆ ತಪ್ಪು. ಹಗುರಾದ ಮೊನೆಯು ಗೀರಿನಲ್ಲಿ ಕುಪ್ಪಳಿಸಿ ಸ್ವರವನ್ನೂ ತಟ್ಟೆಯನ್ನೂ ಏಕಕಾಲದಲ್ಲಿ ಕೆಡಿಸುವುದು. ಒಳಸುತ್ತುಗಳಲ್ಲಷ್ಟೇ ಕರ್ಕಶತೆಯಿದ್ದರೆ ಕಾರ್ಟ್ರಿಜ್ಜಿನ ಕೋನವನ್ನು ಪರೀಕ್ಷಿಸಬೇಕು. ಒಂದು ಸಣ್ಣ ಸ್ಕ್ರೂಡ್ರೈವರಿಗೆ ವಶವಾಗುವ ಈ ಸೂಕ್ಷ್ಮತೆಯೇ ನನಗೆ ಪರಮಪ್ರಿಯ. ಪ್ರಾಚೀನವಾದ 78 ಸುತ್ತಿನ ತಟ್ಟೆಗಳಿಗಾದರೋ ಗೀರು ಅಗಲವಾದ್ದರಿಂದ ಬೇರೆಯೇ ಮೊನೆ ಬೇಕು.