ಗಾಜನ್ನು ಹೊರುವ ಕಬ್ಬಿಣ

ಬಟ್ಟಿ ಇಳಿಸುವಾಗ ಕೀಲಿನ ಬಳಿ ಗಾಜು ಸೀಳಿದರೆ ದೂರು ಗಾಜಿನ ಮೇಲೆ ಬರುತ್ತದಾದರೂ, ಅನೇಕ ವೇಳೆ ತಪ್ಪು ಅದನ್ನು ಹಿಡಿದ ಕ್ಲ್ಯಾಂಪಿನದಾಗಿರುತ್ತದೆ. ಬೋರಾನ್ ಆಕ್ಸೈಡ್ ಬೆರೆಸಿ ತಯಾರಿಸುವ, ಕಾಯಿಸಿದರೂ ತೀರ ಕಡಿಮೆ ಹಿಗ್ಗುವ ಬೋರೋಸಿಲಿಕೇಟ್ ಗಾಜು ಬಿಸಿಯನ್ನು ತಾಳಿಕೊಂಡಷ್ಟು ಸುಲಭವಾಗಿ ಬಾಗಿಸುವ ಬಲವನ್ನು ತಾಳಿಕೊಳ್ಳದು.

ರಿಟಾರ್ಟ್ ಸ್ಟ್ಯಾಂಡಿನಲ್ಲಿ ಇರುವುದು ಎರಕದ ಕಬ್ಬಿಣದ ಭಾರವಾದ ಪೀಠ ಮತ್ತು ಅದರ ಅಂಚಿನ ಬಳಿ ನೆಟ್ಟಗೆ ತಿರುಪಿ ಕೂರಿಸಿದ ಸರಳು. ಪಾತ್ರೆಯ ಭಾರ ಪೀಠದ ಮೇಲೆಯೇ ಬೀಳಲೆಂದು ಸರಳನ್ನು ಅಂಚಿಗೆ ಸರಿಸಿರುತ್ತಾರೆ. ಪಾತ್ರೆಯನ್ನು ಪೀಠದಾಚೆಗೆ ಚಾಚಿದರೆ ಸ್ಟ್ಯಾಂಡು ಮಗುಚೀತು. ಸರಳಿಗೆ ಕ್ಲ್ಯಾಂಪನ್ನು ಕೂಡಿಸುವ ಬಾಸ್‌ಹೆಡ್ ಎಂಬ ತುಂಡಿನಲ್ಲಿ ಪರಸ್ಪರ ಲಂಬಕೋನದಲ್ಲಿರುವ ಎರಡು ಕಚ್ಚುಗಳೂ ಎರಡು ತಿರುಪುಗಳೂ ಇರುತ್ತವೆ. ಕ್ಲ್ಯಾಂಪಿನ ಕಡ್ಡಿ ಕೂರುವ ಕಚ್ಚಿನ ಬಾಯಿ ಮೇಲ್ಮುಖವಾಗಿದ್ದರೆ ತಿರುಪು ಸಡಿಲಗೊಂಡರೂ ಕಡ್ಡಿ ಅದರಲ್ಲೇ ಒರಗಿರುತ್ತದೆ, ಕೆಳಮುಖವಾಗಿದ್ದರೆ ಫ್ಲಾಸ್ಕಿನೊಡನೆ ಕೆಳಗುರುಳುತ್ತದೆ. ಪ್ರಯೋಗಾಲಯದ ಶಿಸ್ತನ್ನು ಅರಿಯಲು ಇದೊಂದನ್ನು ಗಮನಿಸಿದರೂ ಸಾಕು.

ಕೌಶಲವೆಲ್ಲ ಬಿಗಿಯ ಹದದಲ್ಲಿದೆ. ದುಂಡುತಳದ ಫ್ಲಾಸ್ಕನ್ನು ಅದರ ಕುತ್ತಿಗೆಯಲ್ಲಿ, ಕೀಲಿನ ದಪ್ಪ ಅಂಚಿನ ಕೆಳಗೆ ಗಟ್ಟಿಯಾಗಿ ಹಿಡಿಯಬೇಕು. ಆವಿಯನ್ನು ತಣ್ಣೀರಿನಿಂದ ದ್ರವವಾಗಿಸುವ ಕಂಡೆನ್ಸರನ್ನಾದರೋ ನಡುಭಾಗದಲ್ಲಿ, ಕೈಯಿಂದ ತಿರುವಿದರೆ ತುಸು ತಿರುಗುವಷ್ಟು ಸಡಿಲವಾಗಿ ಹೊತ್ತುಕೊಂಡರೆ ಸಾಕು. ಎರಡನ್ನೂ ಬಿಗಿದಾಗ ಕ್ಲ್ಯಾಂಪುಗಳ ನೆಲೆಯಲ್ಲಿನ ಕೂದಲೆಳೆಯ ವ್ಯತ್ಯಾಸವೂ ಕೀಲಿನ ಮೇಲಿನ ಒತ್ತಡವಾಗಿ ಪರಿಣಮಿಸುತ್ತದೆ. ಆದ್ದರಿಂದ ಗಾಜನ್ನು ಕ್ಲ್ಯಾಂಪಿನತ್ತ ಎಳೆಯದೆ, ಬಾಸ್‌ಹೆಡ್ಡನ್ನು ಸಡಿಲಿಸಿ ಕ್ಲ್ಯಾಂಪನ್ನೇ ಗಾಜಿನ ಬಳಿಗೆ ತಂದು, ಅದರ ಅಲುಗದ ಬೆರಳು ಗಾಜನ್ನು ಮುಟ್ಟಿದ ಮೇಲೆಯೇ ಚಲಿಸುವ ಬೆರಳನ್ನು ತಿರುಪುವುದು ಸರಿಯಾದ ಕ್ರಮ. ಈ ಬೆರಳುಗಳ ಒಳಮೈಗೆ ಕಾರ್ಕ್, ರಬ್ಬರ್ ಅಥವಾ ಪಿವಿಸಿ ಹೊದಿಕೆ ಇರುತ್ತದೆ. ಬಿಸಿಗೆ ಪಿವಿಸಿ ಮೆತ್ತಗಾಗಿ ಗಾಜಿಗೆ ಅಂಟುವುದರಿಂದ ಕಾಯಿಸುವ ಕೆಲಸಕ್ಕೆ ಕಾರ್ಕೇ ಮೇಲು. ಹೊದಿಕೆ ಕಿತ್ತುಹೋಗಿ ಬರಿಯ ಲೋಹ ಗಾಜನ್ನು ಕಚ್ಚುವ ಕ್ಲ್ಯಾಂಪನ್ನು ಬಳಸಲೇಬಾರದು.

ಉಜ್ಜಿದ ಕೀಲುಗಳು ಕಳಚದಂತೆ ತೊಡಿಸುವ ಕೆಕ್ ಕ್ಲಿಪ್ಪುಗಳಿಗೆ ಕೀಲಿನ ಅಳತೆಯ ಪ್ರಕಾರ ಬಣ್ಣಗಳುಂಟು: 14 ಮಿಲಿಮೀಟರಿಗೆ ಹಳದಿ, 19ಕ್ಕೆ ನೀಲಿ, 24ಕ್ಕೆ ಹಸಿರು, 29ಕ್ಕೆ ಕೆಂಪು. ಬಳಸಲು ಇವು ಬಹಳ ಅನುಕೂಲಕರವೆಂಬುದು ನಿಜವಾದರೂ, ಇವುಗಳ ಕೆಲಸ ಕೀಲನ್ನು ಕೂಡಿಸಿಡುವುದೇ ಹೊರತು ಪಾತ್ರೆಯ ತೂಕವನ್ನು ಹೊರುವುದಲ್ಲ. ಹೆಚ್ಚಿನ ಉಷ್ಣತೆಯಲ್ಲಿ ಪ್ಲಾಸ್ಟಿಕ್ ಮೆದುವಾಗುವುದರಿಂದ, ಕುದಿಯುವ ಫ್ಲಾಸ್ಕಿಗೆ ತಾಗಿದ ಕೀಲಿಗೆ ಲೋಹದ ಕ್ಲಿಪ್ಪನ್ನೇ ಆಯಬೇಕಾಗುತ್ತದೆ.