ಈಸೂರಿಗೂ ಹೋಗಿ ಬನ್ನಿ

ಶಿಕಾರಿಪುರದ ಕಡೆ ಹೋದವರು ಬಳ್ಳಿಗಾವಿಯ ಕೇದಾರೇಶ್ವರ ಗುಡಿ, ತಾಳಗುಂದದ ಕಂಬದ ಶಾಸನ ನೋಡಿ ವಾಪಸಾಗುತ್ತಾರೆ. ಎರಡೂ ನೋಡಲೇಬೇಕಾದವು. ಆದರೆ ಅದೇ ತಾಲ್ಲೂಕಿನ ಈಸೂರನ್ನು ಬಿಟ್ಟು ಬಂದರೆ ಪ್ರವಾಸ ಅರ್ಧವೇ ಆದಂತೆ.

ಈಸೂರಿನಲ್ಲಿ ಕಣ್ಣು ಸೆಳೆಯುವ ಶಿಲ್ಪ ಹುಡುಕಬೇಡಿ. ವೀರಭದ್ರೇಶ್ವರ ಗುಡಿಯ ಮುಂದೆ ನಿಂತು ತಲೆಯೆತ್ತಿ ನೋಡಿ. ಕ್ವಿಟ್ ಇಂಡಿಯಾ ಕರೆ ಬಂದ ಎರಡೇ ತಿಂಗಳೊಳಗೆ, 1942ರ ಸೆಪ್ಟೆಂಬರಿನಲ್ಲಿ, ಊರವರು ಬಾವುಟ ಏರಿಸಿದ್ದು ಇದರ ಮೇಲೆ. ತಾವು ಸ್ವತಂತ್ರರೆಂದು ಸಾರಿ ಸರ್ಕಾರವನ್ನೂ ಕಟ್ಟಿಕೊಂಡರು. ಜಯಣ್ಣನೆಂಬ ಹುಡುಗ ಅಮಲ್ದಾರ, ಮಲ್ಲಪ್ಪನೆಂಬ ಹುಡುಗ ಸಬ್ ಇನ್ಸ್‌ಪೆಕ್ಟರ್. ಮಕ್ಕಳನ್ನು ಜೈಲಿಗೆ ಹಾಕಲಾರರು ಎಂಬುದು ಹಿರಿಯರ ಲೆಕ್ಕಾಚಾರವಾಗಿತ್ತಂತೆ.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಕೂಗಿದರು. ಏಸು ಎಂದರೆ ಎಷ್ಟು. ಒಂದೇ ಅಕ್ಷರ ತಿರುವಿ ಊರ ಹೆಸರನ್ನೇ ಘೋಷಣೆ ಮಾಡಿಕೊಂಡ ಈ ಕಿವಿ ಹಳ್ಳಿಯವರದು. ಯಾವ ಪಂಡಿತನೂ ಬರೆದುಕೊಟ್ಟದ್ದಲ್ಲ ಎಂದೇ ನನ್ನ ನಂಬಿಕೆ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಬಂದರು. ಘರ್ಷಣೆಯಲ್ಲಿ ಅವರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆ ಎರಡು ಸಾವನ್ನು ಮುಚ್ಚಿಟ್ಟು ಈಸೂರಿನ ಕಥೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆಮೇಲೆ ಊರಿನ ಮೇಲೆ ಎರಗಿದ ದಂಡನೆಯನ್ನೂ ಮರೆಯಲಾಗದು. ಜನ ಮನೆಮಠ ಬಿಟ್ಟು ಕಾಡು ಸೇರಿದರು.

ಹೀಗೆಯೇ ತನ್ನನ್ನು ತಾನೇ ಆಳಿಕೊಂಡ ಮೊಂಟೆಫಿಯೊರಿನೊ ಎಂಬ ಗುಡ್ಡದ ಊರು ಇಟಲಿಯಲ್ಲಿದೆ. 1944ರ ಜೂನ್‌ನಿಂದ ಆಗಸ್ಟ್ ಆರಂಭದವರೆಗೆ ಫ್ಯಾಸಿಸ್ಟರನ್ನು ಹೊರಗಟ್ಟಿ ಅಲ್ಲಿನ ಹೋರಾಟಗಾರರು ತಮ್ಮದೇ ಗಣರಾಜ್ಯ ನಡೆಸಿದರು. ಈಗ ಅದರ ಹಳೆಯ ಕೋಟೆಯೇ ಆ ದಿನಗಳ ಮ್ಯೂಸಿಯಂ. ಅವರಿಗಿಂತ ಸುಮಾರು ಎರಡು ವರ್ಷ ಮೊದಲೇ ನಮ್ಮವರು ಬಾವುಟ ಏರಿಸಿದ್ದರು. ಅದೂ ಕೋಟೆ ಕೊತ್ತಲವಿಲ್ಲದ ಊರಿನಲ್ಲಿ.

ಈಸೂರಿನಿಂದ ಹೊರಡುವ ಮುನ್ನ ಐದು ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ: ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಬೇರೊಬ್ಬರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. 1943ರ ಮಾರ್ಚ್ 8, 9, 10ರಂದು, ಮೂರು ದಿನಗಳಲ್ಲಿ, ಆ ಎರಡು ಸಾವಿನ ಪ್ರಕರಣದಲ್ಲಿ ಈ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. ಬೆಳಗಿನ ವಾಕಿಂಗಿಗೆ ಅಲ್ಲಿಗೆ ಹೋಗುವವರಿದ್ದರೆ, ನಡುವೆ ಉಳಿದಿರುವ ಕಾವಲು ಗೋಪುರದ ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.